ದೋಣಿಯ ಕೆಳಗೆ ಬಂದ ತಿಮಿಂಗಿಲ

ಜಮಖಂಡಿ
೧೮ ಫೆಬ್ರವರಿ ೨೦೨೫

ಪ್ರೀತಿಯ ಅನ್ನವ್ವ,

ಬಾಡಗಂಡಿಯಲ್ಲಿ ಎಲ್ಲರೂ ಆರಾಮವಿದ್ದೀರೆಂದು ನಂಬಿದ್ದೇನೆ. ಊರಿಗೆ ಬಂದು ಮೂರು ವಾರವಾದರೂ ಒಂದು ಮಾತು ತಿಳಿಸಲಿಲ್ಲ, ಸಿಟ್ಟಾಗಬೇಡ. ಹೇಳಲು ಬಾಯಿ ಬರಲಿಲ್ಲ; ಅದಕ್ಕೇ ಬರೆಯುತ್ತಿದ್ದೇನೆ.

"ಈಸಾಕ ಬರದಾಕಿ ಸಮುದ್ರಕ್ಕ ಯಾಕ ಹೊಂಟಿ ಬೇ?" ಅಂದಿದ್ದೆ ನೀನು. ಮೂವತ್ತು ವರ್ಷ ಸಾಲಿಯಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು. ಗೂನುಬೆನ್ನಿನ ತಿಮಿಂಗಿಲಗಳನ್ನು ಹುಡುಕಲು ವಿಜ್ಞಾನಿಗಳು ನಮ್ಮಂಥವರನ್ನೂ ಕರೆದೊಯ್ಯುತ್ತಾರೆಂದು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ಮಹಾರಾಷ್ಟ್ರದ ದಂಡೆಯ ಮಾಲವಣದಿಂದ ಚಿಕ್ಕ ದೋಣಿಯಲ್ಲಿ ಹೋಗುತ್ತಿದ್ದವರು ಮೂವರೇ: ವಿಜ್ಞಾನಿ ಮನೀಷಾ, ದೋಣಿ ನಡೆಸುವ ಅಮೋಲ, ತಿಮಿಂಗಿಲ ಕಂಡ ವೇಳೆ ಬರೆದುಕೊಳ್ಳುವ ನಾನು. ತಿಮಿಂಗಿಲ ಹತ್ತಿರ ಬಂದರೆ ಇಂಜಿನ್ ಬಂದ್ ಮಾಡಬೇಕು, ಏನೇ ಆದರೂ ಮತ್ತೆ ಚಾಲೂ ಮಾಡಬಾರದು ಎಂದು ಮನೀಷಾ ಮೊದಲೇ ತಾಕೀತು ಮಾಡಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ತಾಯಿ, ಮರಿ ಎರಡೂ ಕಂಡವು. ಇಂಜಿನ್ ನಿಂತಿತು. ಮನೀಷಾ ನೀರಿಗೆ ಮೈಕು ಇಳಿಬಿಟ್ಟು, ಹೆಡ್‌ಫೋನ್ ಹಾಕಿಕೊಂಡು ಮುಂದೆ ಕುಳಿತಳು. ನಾನು ಹಿಂದೆ, ಅಮೋಲನ ಪಕ್ಕ. ತಾಯಿ ನಮ್ಮ ಕಡೆಗೇ ಬಂತು. ದೋಣಿಯ ಕೆಳಗೆ ನೀರು ಕಪ್ಪಾಯಿತು. ಆ ಕಪ್ಪು ಎಷ್ಟು ಹೊತ್ತಾದರೂ ಮುಗಿಯಲೇ ಇಲ್ಲ. ನನ್ನ ಕಾಲಡಿ ಏನೋ ಉಜ್ಜಿದ ಸದ್ದು. ದೋಣಿ ವಾಲಿತು. ಆಗಲೇ ಇಂಜಿನ್ ಚಾಲೂ ಆಯಿತು. ಮರಿ ನಮ್ಮ ಹಿಂದೆಯೇ, ಇಂಜಿನ್ನಿನ ತಿರುಗುವ ರೆಕ್ಕೆಯ ಹತ್ತಿರವೇ ಇತ್ತು.

ನೀರು ಕೆಂಪಾಯಿತು, ಅನ್ನವ್ವ. ಮರಿ ಮತ್ತೆ ಮೇಲೆ ಬರಲಿಲ್ಲ. ತಾಯಿ ಎರಡು ತಾಸು ಅಲ್ಲೇ ಸುತ್ತುತ್ತಿತ್ತು.

ಯಾಕೆ ಚಾಲೂ ಮಾಡಿದೆ ಎಂದು ಮನೀಷಾ ಕೇಳಿದಾಗ ಅಮೋಲ, ತಪ್ಪಾಯಿತು ಅಂದ, ಅಷ್ಟೇ. ಅವನ ಕೆಲಸ ಹೋಯಿತು. ಅರಣ್ಯ ಇಲಾಖೆಗೆ ದೂರೂ ಹೋಗಿದೆ.

ಇಲ್ಲಿ ನಮ್ಮ ಯಜಮಾನರು ದಿನಾ ಕೇಳುತ್ತಾರೆ, "ಸಮುದ್ರದ ಅಂಜಿಕಿ ಇನ್ನೂ ಬಿಟ್ಟಿಲ್ಲೇನು?" ಯಾರಾದರೂ ಓಣಿಯಲ್ಲಿ ಗಾಡಿ ಚಾಲೂ ಮಾಡಿದರೂ ನಾನು ಎದ್ದು ಬಾಗಿಲು ಹಾಕಿಕೊಳ್ಳುತ್ತೇನೆ.

ನಿನ್ನ ಮೊಮ್ಮಗಳು ಅಕ್ಷತಾಳಿಗೆ ನನ್ನ ಆಶೀರ್ವಾದ. ಪರೀಕ್ಷೆಯನ್ನು ಧೈರ್ಯವಾಗಿ ಬರೆಯಲಿ.

ನಿನ್ನ ಗೆಳತಿ,
ಬನಶಂಕರಿ

ತಾ.ಕ.: ಇಂಜಿನ್ ಚಾಲೂ ಮಾಡು ಎಂದು ಮರಾಠಿಯಲ್ಲಿ ಕೂಗಿದವಳು ನಾನು. ಅಮೋಲ ಆಗದೆಂದು ತಲೆಯಾಡಿಸಿದ. ನಾನು ಅವನ ತೋಳು ಹಿಡಿದು ಜಗ್ಗಿದ ಮೇಲೆಯೇ ಚಾಲೂ ಮಾಡಿದ. ಹೆಡ್‌ಫೋನ್ ಹಾಕಿದ್ದ ಮನೀಷಾಗೆ ಕೇಳಲಿಲ್ಲ. ದಂಡೆಯಲ್ಲಿ ಅವನು ನನ್ನ ಕೈ ಹಿಡಿದು ಇಳಿಸುತ್ತ, ಹೆದರಬೇಡಿ ಅಕ್ಕ, ನಾನು ಯಾರಿಗೂ ಹೇಳುವುದಿಲ್ಲ ಅಂದ. ನಾನು ಹೂಂ ಅಂದು ನಡೆದುಬಿಟ್ಟೆ. ಮೊನ್ನೆ ಮನೀಷಾಗೆ ಎಲ್ಲ ಬರೆದೆ. ಸೋಮವಾರ ಮಾಲವಣಕ್ಕೆ ಬಂದು ಅರಣ್ಯ ಅಧಿಕಾರಿಗಳ ಮುಂದೆ ಹೇಳಿ ಎಂದಿದ್ದಾಳೆ. ಮನೆಯಲ್ಲಿ ಇನ್ನೂ ಗೊತ್ತಿಲ್ಲ. ನೀನು ನನ್ನ ಜೊತೆ ಬಾ. ಒಬ್ಬಳೇ ಹೋದರೆ ಅಂಜಿ ಮತ್ತೆ ಸುಮ್ಮನಾದೇನು.