ಮೂರು ಸೆಕೆಂಡು ಉಳಿಸಿದವರಿಗೆ

ನೆರಳೂರು, ಬೆಳಗಾವಿಯ ಕೆಳಗೆ
ಫೆಬ್ರವರಿ ೩೦, ೨೩೮೮

ಆರ್.ಕೆ. ಅವರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ದಿನ ಕುಳಿತು ಬರೆಯುತ್ತಿದ್ದೇನೆ. ನಾವು ತಿಂಗಳುಗಳನ್ನೆಲ್ಲ ಮೂವತ್ತು ದಿನಕ್ಕೆ ಸಮ ಮಾಡಿ ಬಹಳ ಕಾಲವಾಯಿತು. ಉಳಿದ ಐದು ದಿನಗಳಿಗೆ ಹೆಸರಿಲ್ಲ, ಆಗ ಯಂತ್ರ ತೊಳೆಯುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇದೊಂದಕ್ಕೇ. ಉಳಿದದ್ದಕ್ಕೆ ಕೇಳಬೇಕಾದವರು ನೀವು. ನಿಮ್ಮ ಪೂರ್ತಿ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ಲೋಹ ಕೊರೆಯುವ ಸಿ.ಎನ್.ಸಿ. ಯಂತ್ರಕ್ಕೆ ನೀವು ಬರೆದ ಒಂದು ಪ್ರೋಗ್ರಾಮಿನ ನಡುವೆ ಆ ಎರಡು ಅಕ್ಷರ ಉಳಿದಿವೆ. ಈ ಕಾಗದವನ್ನು ಹಿಂಗಾಲುವೆಯಲ್ಲಿ ಹಾಕುತ್ತೇನೆ. ಹಿಂಗಾಲುವೆ ಎಂದರೆ ವರ್ಷಕ್ಕೊಂದು ಕಾಗದವನ್ನು ಹಿಂದಿನ ಕಾಲಕ್ಕೆ ತಳ್ಳುವ ಕೊಳವೆ. ಇದುವರೆಗೆ ಹೋದ ಕಾಗದಗಳಲ್ಲಿ ಒಂದಾದರೂ ಯಾರಿಗಾದರೂ ತಲುಪಿತೋ ಇಲ್ಲವೋ ತಿಳಿದಿಲ್ಲ.

ನಾನು ಕಾಳವ್ವ ಪತ್ತಾರ, ಇಲ್ಲಿನ ಯಂತ್ರಶಾಲೆಯ ಪರೀಕ್ಷಕಿ. ಮೇಲೆ ಬಿಸಿಲು ನಿಲ್ಲಗೊಡುವುದಿಲ್ಲ, ಆದ್ದರಿಂದ ಊರೆಲ್ಲ ನೆಲದ ಕೆಳಗಿದೆ. ನೀರು ಇನ್ನೂ ಆಳದಲ್ಲಿದೆ. ಅದನ್ನು ಎತ್ತುವ ಪಂಪಿನೊಳಗೆ ಕಂಚಿನ ಚಕ್ರವೊಂದು ತಿರುಗುತ್ತದೆ; ಅದು ಸವೆದರೆ ಮತ್ತೊಂದನ್ನು ಕೊರೆಯಬೇಕು. ಕೊರೆಯುವುದು ನಿಮ್ಮ ಕಾಲದ ಯಂತ್ರದಲ್ಲಿ, ನಿಮ್ಮ ಪ್ರೋಗ್ರಾಮಿನಿಂದ. ಕಂಚಿಗೆ ಗಣಿ ಇಲ್ಲ, ಮನೆಮನೆಯ ಪಾತ್ರೆ ಕರಗಿಸಿ ಬಿಲ್ಲೆ ಎರೆಯುತ್ತೇವೆ. ಈ ಸಲದ ಬಿಲ್ಲೆಯಲ್ಲಿ ನಮ್ಮವ್ವನ ಚರಿಗೆಯೂ ಇತ್ತು. ಇಂಥ ಬಿಲ್ಲೆಯನ್ನು ಯಾರೂ ಅಸಡ್ಡೆಯಿಂದ ಹಾಳು ಮಾಡಬಾರದೆಂದು ನಮ್ಮ ಹಿರಿಯರು ಒಂದು ಪದ್ಧತಿ ತಂದರು. ಅದರ ಹೆಸರು ಕೈಜಾಮೀನು. ಯಂತ್ರ ಓಡಿಸುವವನು ತನ್ನ ಎಡಗೈಯನ್ನು ಬಿಲ್ಲೆಯ ಪಕ್ಕದಲ್ಲಿ, ಅದನ್ನು ಕಚ್ಚಿ ಹಿಡಿದ ಸಾಧನಕ್ಕೆ ತಾಗಿದಂತಿರುವ ಕೈಗೂಡಿನಲ್ಲಿ ಇಡಬೇಕು. ಪರೀಕ್ಷಕಿ ಅದನ್ನು ತಿರುಪು ಹಾಕಿ ಬಿಗಿಯಬೇಕು. ಪ್ರೋಗ್ರಾಮ್ ಮುಗಿಯುವವರೆಗೆ ಯಾರೂ ಗುಂಡಿ ಮುಟ್ಟುವಂತಿಲ್ಲ. ಕೊರೆಯುವ ಟೂಲ್ ನಡೆಯುವ ದಾರಿ ಸರಿಯಿದ್ದರೆ ಕೈ ಹಾಗೇ ಹೊರಬರುತ್ತದೆ.

ಹೀಗಾಗಿ ನಮ್ಮ ಪಾಠಗಳಿಗೆಲ್ಲ ಮನುಷ್ಯರ ಹೆಸರಿದೆ. ಅಂಕಿಯ ಕೊನೆಗೆ ದಶಾಂಶದ ಚುಕ್ಕೆ ಮರೆಯಬೇಡ ಎನ್ನುವುದು ರೇಣವ್ವನ ಪಾಠ. ಟೂಲ್ ಐವತ್ತು ಮಿಲಿಮೀಟರ್ ಮೇಲೇಳಲಿ ಎಂದು ಅವಳು ಬರೆದಳು, ಚುಕ್ಕೆ ಇಡಲಿಲ್ಲ. ಯಂತ್ರ ಅದನ್ನು ಐವತ್ತು ಮೈಕ್ರಾನ್ ಎಂದು ಓದಿತು. ಟೂಲ್ ಕೂದಲಿನಷ್ಟು ಎದ್ದು ಪಕ್ಕಕ್ಕೆ ಓಡಿತು, ರೇಣವ್ವನ ಹೆಬ್ಬೆರಳು ಹೋಯಿತು. ಟೂಲ್ ಬದಲಿಸಿದ ಮೇಲೆ ಅದರ ಉದ್ದವನ್ನು ಮತ್ತೆ ಅಳೆ ಎನ್ನುವುದು ಹುಸೇನಿಯ ಪಾಠ. ಅವನು ಹೊಸ ಟೂಲಿಗೆ ಹಳೆಯದರ ಉದ್ದವನ್ನೇ ಬಿಟ್ಟಿದ್ದ, ಅದು ಎಂಟು ಮಿಲಿಮೀಟರ್ ಹೆಚ್ಚು ಇಳಿಯಿತು. ಅದರಲ್ಲಿ ಎಡಗೈ, ಎರಡನೆಯ ಬಿಲ್ಲೆಯಲ್ಲಿ ಬಲಗೈ ಹೋಗಿ, ಅವನು ಈಗ ಚಹಾ ಕುಡಿಯುವಾಗ ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿಯುತ್ತಾನೆ. ಟೂಲನ್ನು ಹೋಲ್ಡರಿನಿಂದ ಉದ್ದಕ್ಕೆ ಚಾಚಬೇಡ, ನಡುಗುತ್ತದೆ. ಲೋಹದೊಳಕ್ಕೆ ನೆಟ್ಟಗೆ ಇಳಿಸಬೇಡ, ಇಳಿಜಾರಿನಲ್ಲಿ ಇಳಿಸು. ಚೂರು ಗುಡಿಸದೆ ಅಳತೆ ತೆಗೆಯಬೇಡ. ಒಂದೊಂದಕ್ಕೂ ಒಬ್ಬೊಬ್ಬರಿದ್ದಾರೆ, ಎಲ್ಲರ ಹೆಸರನ್ನೂ ಬರೆದರೆ ಕಾಗದ ಸಾಲದು. ನೀವು ಇದೇ ಪಾಠಗಳನ್ನು ಫ್ಯಾನಿನ ಕೆಳಗೆ ಕುಳಿತು ಬಿಟ್ಟಿಯಾಗಿ ಕಲಿತಿರಿ, ಆಮೇಲೆ ಆರಾಮವಾಗಿ ಮರೆತಿರಿ. ನನಗೆ ಹೊಟ್ಟೆ ಉರಿಯುತ್ತದೆ.

ಈಗ ಪ್ರೋಗ್ರಾಮಿನಲ್ಲಿ ನೀವು ತಿದ್ದಿದ ಸಾಲಿಗೆ ಬರುತ್ತೇನೆ. ಚಕ್ರದ ಒಂದು ಎಲೆ, ಅಂದರೆ ನೀರು ತಳ್ಳುವ ರೆಕ್ಕೆ, ಕೊರೆದ ಮೇಲೆ ಟೂಲ್ ಮೇಲೆದ್ದು ಇನ್ನೊಂದು ಎಲೆಗೆ ದಾಟಬೇಕು. ಅದು ಬಿಲ್ಲೆಯಿಂದ ಇಪ್ಪತ್ತೈದು ಮಿಲಿಮೀಟರ್ ಎತ್ತರದಲ್ಲಿ ದಾಟುತ್ತಿತ್ತು. ನೀವು ಅದನ್ನು ಎರಡಕ್ಕೆ ಇಳಿಸಿ, ಪಕ್ಕದಲ್ಲಿ ಟಿಪ್ಪಣಿ ಬರೆದಿರಿ: ಮೂರು ಸೆಕೆಂಡು ಉಳಿಯಿತು, ಆರ್.ಕೆ. ಬಿಲ್ಲೆಯನ್ನು ಎರಡು ಬದಿಯಿಂದ ಕಚ್ಚಿ ಹಿಡಿಯುವ ನಿಮ್ಮ ತಗ್ಗು ವೈಸಿಗೆ ಎರಡು ಸಾಕಾಗಿತ್ತು, ಬಿಲ್ಲೆಗಿಂತ ಎತ್ತರದ ವಸ್ತು ನಿಮ್ಮ ದಾರಿಯಲ್ಲಿ ಇರಲಿಲ್ಲ. ಆದರೆ ಅದು ತಗ್ಗು ವೈಸಿಗೆ ಮಾತ್ರ ಎಂದು ನೀವು ಬರೆಯಲಿಲ್ಲ. ಬೆನ್ನು ತಟ್ಟಿಕೊಳ್ಳಲು ಜಾಗವಿತ್ತು, ಎಚ್ಚರ ಹೇಳಲು ಇರಲಿಲ್ಲ. ಆ ಟಿಪ್ಪಣಿ ನಮ್ಮಲ್ಲಿ ಆಶೀರ್ವಾದವಾಗಿಬಿಟ್ಟಿದೆ. ಮದುವೆಯಲ್ಲಿ ಅಕ್ಕಿ ಹಾಕುವಾಗ, ಬೀದಿಯಲ್ಲಿ ಎದುರಾದವರು ಅಗಲುವಾಗ, ಮೂರು ಸೆಕೆಂಡು ಉಳಿಯಲಿ ಎನ್ನುತ್ತೇವೆ. ನಿಮಗೆ ನಗು ಬಂದಿರಬೇಕು. ನಮ್ಮ ಮಕ್ಕಳ ಬಾಯಲ್ಲಿ ಮೊದಲು ಬರುವ ಅಂಕಿ ಮೂರು.

ಈ ವರ್ಷ ಆ ತಗ್ಗು ವೈಸ್ ಸೀಳಿತು. ನನ್ನ ಗಂಡ ಮೌನೇಶ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಯಂತ್ರ ಬಲ್ಲವನು. ಅವನು ವೈಸಿನ ಬದಲು ಬಿಲ್ಲೆಯನ್ನು ಮೇಲಿಂದ ಒತ್ತಿ ಹಿಡಿಯುವ ಕ್ಲ್ಯಾಂಪುಗಳನ್ನು ಮಾಡಿದ. ಅವು ಬಿಲ್ಲೆಗಿಂತ ಆರು ಮಿಲಿಮೀಟರ್ ಎತ್ತರವಿದ್ದವು, ಅದಕ್ಕಿಂತ ತಗ್ಗಿಸಿದರೆ ಹಿಡಿತ ನಿಲ್ಲುತ್ತಿರಲಿಲ್ಲ. ನಿಮ್ಮ ಸಾಲನ್ನು ಬದಲಿಸಲು ಅವನು ಊರ ಪಂಚರನ್ನು ಕೇಳಿದ, ಅವರು ಒಪ್ಪಲಿಲ್ಲ. ನೂರು ವರ್ಷ ಕೆಡುಕಿಲ್ಲದೆ ಓಡಿದ ಸಾಲನ್ನು ನಾವು ಹಿರಿಯರ ಸಾಲು ಎನ್ನುತ್ತೇವೆ. ಹಿಂದೊಬ್ಬ ಅಂಥದೊಂದು ಸಾಲನ್ನು ತಿದ್ದಲು ಹೋದ, ಊರು ಒಂಬತ್ತು ತಿಂಗಳು ಗುಟುಕು ನೀರಿನಲ್ಲಿ ನರಳಿತು. ಅಂದಿನಿಂದ ಹಿರಿಯರ ಸಾಲು ಮುಟ್ಟಿದವರಿಗೆ ಎರಡೂ ಕೈ ಕಡಿಯುತ್ತಾರೆ. ಸಾಲಿನ ಜೊತೆ ಶರತ್ತು ಬರೆದಿದ್ದರೆ ಮಾತ್ರ ಶರತ್ತಿನಂತೆ ಬದಲಿಸಬಹುದು. ನೀವು ಶರತ್ತು ಬರೆದಿರಲಿಲ್ಲ.

ಟೂಲ್ ಕ್ಲ್ಯಾಂಪಿನ ಮೇಲೆಯೇ ಹಾಯುತ್ತದೋ ಪಕ್ಕದಿಂದಲೋ ಎನ್ನುವುದು ಓಡಿಸದೆ ಖಚಿತವಿರಲಿಲ್ಲ. ಮೌನೇಶನಿಗೆ ಇನ್ನೊಂದು ದಾರಿ ಇತ್ತು. ಟೂಲನ್ನು ಐವತ್ತು ಮಿಲಿಮೀಟರ್ ಮೇಲೆತ್ತಿ, ಕೈ ಇಡದೆ, ಪ್ರೋಗ್ರಾಮನ್ನು ಗಾಳಿಯಲ್ಲೇ ನಿಧಾನಕ್ಕೆ ಒಮ್ಮೆ ಓಡಿಸುವುದು. ಕ್ಲ್ಯಾಂಪಿನ ಮೇಲೆ ಟೂಲ್ ಬಂದಾಗ ನಡುವಿನ ಅಂತರ ಅಳೆದು, ಅದರಲ್ಲಿ ಐವತ್ತು ಕಳೆಯಬೇಕು. ಉಳಿದದ್ದು ಸೊನ್ನೆಗಿಂತ ಕಡಿಮೆಯಾದರೆ ಟೂಲ್ ಬಡಿಯುತ್ತದೆ. ಇದಕ್ಕೆ ನಲವತ್ತು ನಿಮಿಷ ಬೇಕು. ಬಡಿಯುವುದು ಪಂಚರ ಕಣ್ಣಿಗೆ ಅಳತೆಯಲ್ಲಿ ಕಂಡರೆ ಅವರು ಒಪ್ಪಿಯಾರೆಂದು ಅವನು ನಂಬಿದ್ದ. ಅನುಮತಿ ಕೊಡಬೇಕಾದವಳು ನಾನು. ಪಂಪು ನಿಂತು ಹನ್ನೊಂದು ದಿನವಾಗಿತ್ತು. ತಲೆಗೆ ದಿನಕ್ಕೊಂದು ಲೋಟ ನೀರು, ಮೂರನೆಯ ಓಣಿಯಲ್ಲಿ ನಾಲ್ವರು ಏಳುವುದನ್ನು ಬಿಟ್ಟಿದ್ದರು. ಪಂಚರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.

ಮೌನೇಶ ಎಂದ: "ಒಂದ ಸರ್ತಿ ಗಾಳ್ಯಾಗ ಓಡಸ್ತೀನಿ ಕಾಳವ್ವಾ, ಅಷ್ಟ ಬಿಡು."

ನಾನು ಎಂದೆ: "ಮಂದಿ ಸಾಯಾಕತ್ಯಾರ. ಸುಮ್ಕ ಕೈ ಇಡು."

ಅವನು ಇಟ್ಟ. ತಿರುಪು ಬಿಗಿದದ್ದು ನನ್ನ ಕೈ. ಗಂಡನೆಂದು ಒಂದು ಸುತ್ತು ಸಡಿಲ ಬಿಟ್ಟಳು ಎನ್ನಿಸಿಕೊಳ್ಳಬಾರದೆಂದು ಒಂದು ಸುತ್ತು ಹೆಚ್ಚೇ ಬಿಗಿದೆ. ಮೊದಲ ಎಲೆ ಚೆನ್ನಾಗಿ ಬಂತು, ಚೂರುಗಳು ಸಣ್ಣಗೆ ಹೊಳೆಯುತ್ತ ಬಿದ್ದವು. ಟೂಲ್ ಎದ್ದು, ನಿಮ್ಮ ಎರಡು ಮಿಲಿಮೀಟರ್ ಎತ್ತರದಲ್ಲಿ, ನಿಮ್ಮ ವೇಗದಲ್ಲಿ ದಾಟಿತು. ಕ್ಲ್ಯಾಂಪಿಗೆ ಬಡಿದ ಸದ್ದು ಊರಿಗೆಲ್ಲ ಕೇಳಿಸಿತು. ಕ್ಲ್ಯಾಂಪು ಕಿತ್ತುಬಂದು ಕೈಗೂಡಿನೊಳಗೆ ತಿರುಗಿತು. ತಿರುಪು ಅಷ್ಟು ಬಿಗಿ ಇಲ್ಲದಿದ್ದರೆ ಒಂದೆರಡು ಬೆರಳನ್ನಾದರೂ ಅವನು ಎಳೆದುಕೊಳ್ಳುತ್ತಿದ್ದ. ನಾಲ್ಕು ಹೋದವು. ಅವನು "ಬಿಲ್ಲಿ ಉಳೀತೇನ?" ಎಂದು ಕೇಳಿದ. ಬಿಲ್ಲೆ ಉಳಿದಿರಲಿಲ್ಲ.

ಪಂಚರು ಒಂದೇ ಮಾತಿನಲ್ಲಿ ತೀರ್ಪು ಮುಗಿಸಿದರು. ಸಾಲು ತಪ್ಪಲ್ಲ, ಕೈ ತಪ್ಪು. ಎರಡನೆಯ ಬಿಲ್ಲೆಗೆ ಎರಡನೆಯ ಕೈ ಎನ್ನುವುದು ನಿಯಮ. ನಾಳೆ ಬೆಳಗ್ಗೆ ಹತ್ತಕ್ಕೆ ಅದೇ ಯಂತ್ರ, ಅದೇ ಪ್ರೋಗ್ರಾಮ್, ಅಷ್ಟೇ ಎತ್ತರದ ಕ್ಲ್ಯಾಂಪು, ಮೌನೇಶನ ಬಲಗೈ. ಬಿಗಿಯಬೇಕಾದವಳು ಮತ್ತೆ ನಾನು. ಅವನು ಈಗ ಪಕ್ಕದ ಕೋಣೆಯಲ್ಲಿ ಬಲಗೈಯ ಉಗುರು ಕತ್ತರಿಸಿಕೊಳ್ಳಲು ನೋಡುತ್ತಿದ್ದಾನೆ, ಕತ್ತರಿ ಹಿಡಿಯಲು ಇನ್ನೊಂದು ಕೈ ಇಲ್ಲ. ನನ್ನನ್ನು ಕರೆಯುತ್ತಿಲ್ಲ. ಕರೆದರೂ ಎದುರಿಗೆ ಹೋಗಿ ನಿಲ್ಲುವ ಮುಖ ನನಗಿಲ್ಲ.

ಅದಕ್ಕೇ ನಿಮ್ಮಲ್ಲಿ ಕೇಳುತ್ತಿದ್ದೇನೆ. ಈ ಕಾಗದ ಸಿಕ್ಕ ಕೂಡಲೇ ಆ ಫೈಲನ್ನು ತೆರೆಯಿರಿ. ಎರಡನ್ನು ಅಳಿಸಬೇಕಿಲ್ಲ, ನಿಮ್ಮ ಮೂರು ಸೆಕೆಂಡು ನಿಮಗೇ ಇರಲಿ. ಪಕ್ಕದಲ್ಲಿ ಇಷ್ಟು ಬರೆಯಿರಿ: ತಗ್ಗು ವೈಸಿಗೆ ಮಾತ್ರ, ಬೇರೆಯದಾದರೆ ಇಪ್ಪತ್ತೈದು. ನೀವು ಬರೆದರೆ ಇಲ್ಲಿ ಪರದೆಯ ಮೇಲೆ ಕಾಣಬೇಕು. ಮಧ್ಯಾಹ್ನದಿಂದ ನಾನು ಆ ಸಾಲನ್ನು ಏಳು ಸಲ ನೋಡಿದ್ದೇನೆ. ಕಾಗದವನ್ನು ಇನ್ನೂ ಹಾಕಿಲ್ಲ ಎಂದು ಗೊತ್ತಿದ್ದೂ ನೋಡಿದೆ.

ನಾಳೆ ಹತ್ತರೊಳಗೆ ಸಾಲು ಬದಲಾಗದಿದ್ದರೆ ನಾನೇ ತಿದ್ದುತ್ತೇನೆ. ಕಾರಣ ಬರೆಯುತ್ತೇನೆ, ಶರತ್ತು ಬರೆಯುತ್ತೇನೆ, ಎರಡಕ್ಷರವಲ್ಲ, ಪೂರ್ತಿ ಹೆಸರು ಹಾಕುತ್ತೇನೆ. ಚಕ್ರ ಬರುತ್ತದೆ, ನೀರು ಬರುತ್ತದೆ, ಮೌನೇಶನ ಬಲಗೈ ಉಳಿಯುತ್ತದೆ. ಆಮೇಲೆ ನನ್ನನ್ನು ಕರೆದೊಯ್ಯುತ್ತಾರೆ. ಇದನ್ನು ದೊಡ್ಡತನವೆಂದು ತಿಳಿಯಬೇಡಿ. ನೀವು ಉಳಿಸಿದ್ದು ಮೂರು ಸೆಕೆಂಡು, ನಾನು ಉಳಿಸಿದ್ದು ನಲವತ್ತು ನಿಮಿಷ, ಅದೂ ಕಣ್ಣೆದುರು ಅವನ ಕೈ ಇಟ್ಟುಕೊಂಡು.

ಅಕ್ಷರ ಸೊಟ್ಟಗಾಗದಂತೆ ಎಡಗೈಯಲ್ಲಿ ಕಾಗದ ಹಿಡಿದು ಬಲಗೈಯಲ್ಲಿ ಬರೆದಿದ್ದೇನೆ. ಇನ್ನು ಮುಂದೆ ನನ್ನಿಂದ ಯಾರಿಗೂ ಕಾಗದ ಬರುವುದಿಲ್ಲ.

ನಿಮಗೂ ಮೂರು ಸೆಕೆಂಡು ಉಳಿಯಲಿ.

ಕಾಳವ್ವ ಮೌನೇಶ ಪತ್ತಾರ