ಹನ್ನೊಂದು ಪಂದ್ಯಕ್ಕೂ ಅದೇ ಏಳು ಜನ

ಡೊಂಬಿವ್ಲಿ, ೧೯೮೪

ತಮ್ಮ ಅಮೃತಪ್ಪನಿಗೆ ಅಣ್ಣ ಬಸಲಿಂಗಪ್ಪನ ಆಶೀರ್ವಾದ. ನೀನು ಹೇಳದೆ ಹೋಗಿ ಒಂಬತ್ತು ವರ್ಷವಾಯಿತು. ಈ ಕಾಗದದ ಮೇಲೆ ಬರೆಯಲು ನಿನ್ನ ವಿಳಾಸ ನನ್ನಲ್ಲಿಲ್ಲ.

ಇಂದು ಕಲ್ಯಾಣದ ಕನ್ನಡ ಸಂಘದವರು, ಹಿಂದೆ ನಮ್ಮ ಕಾರ್ಖಾನೆಯ ಕಬಡ್ಡಿ ತಂಡ ನಡೆಸಿದ್ದಕ್ಕೆಂದು ನನಗೆ ಶಾಲು ಹೊದಿಸಿದರು. ಹೋಟೆಲಿನ ಭುಜಂಗ ಶೆಟ್ಟರು ಪೇಪರ್ ಹಿಡಿದು ಭಾಷಣ ಮಾಡಿದರು: "ನೋಡಿ ಮಾರಾಯ್ರೆ, ಪರದೇಶಕ್ಕೆ ಟೂರ್ ಹೋದ ರಗ್ಬಿ ತಂಡದವರು ದಣಿವಾಯ್ತು ಅಂತ ಮುಖ್ಯ ಆಟಗಾರರನ್ನೇ ಆಡಿಸದೆ ಹೊರಗೆ ಕೂರಿಸಿದ್ದಾರಂತೆ. ನಮ್ಮ ಬಸಲಿಂಗಪ್ಪನವರು ಹದಿನೈದು ದಿನದ ಟೂರಲ್ಲಿ ಹನ್ನೊಂದು ಪಂದ್ಯಕ್ಕೂ ಅದೇ ಏಳು ಜನರನ್ನು ಇಳಿಸಿದವರು."

ಜನ ಚಪ್ಪಾಳೆ ತಟ್ಟಿದರು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಆ ಟೂರಿನ ಹತ್ತನೆಯ ಪಂದ್ಯ ಮುಗಿದಾಗ ನೀನು ಬಾತ ಮೊಣಕಾಲು ತೋರಿಸಿ, "ಅಣ್ಣಾ, ನಾಳೆ ಒಂದಿನ ಕೂಡ್ತೀನಿ" ಅಂದಿದ್ದೆ. "ಮಂದಿ ನಗ್ತಾರ, ಏಳ್" ಎಂದು ಅದರ ಮೇಲೆ ಬಟ್ಟೆ ಬಿಗಿದವನು ನಾನು. ಆ ಹನ್ನೊಂದನೆಯ ಪಂದ್ಯದ ನಂತರ ನೀನು ನೆಟ್ಟಗೆ ನಡೆಯಲಿಲ್ಲ.

ಎರಡು ಮಾತಾಡಿ ಎಂದು ನನಗೆ ಮೈಕ್ ಕೊಟ್ಟರು. ಒಬ್ಬ ಕೂಡ್ತೀನಿ ಅಂದಿದ್ದ ಎಂಬುದು ಬಾಯಿತನಕ ಬಂತು. "ಹುಡುಗರೇ ಗಟ್ಟಿ ಇದ್ರು" ಅಂದುಬಿಟ್ಟೆ.

ಅದಕ್ಕೂ ಚಪ್ಪಾಳೆ ತಟ್ಟಿದರು, ತಮ್ಮಾ.