ಮೋರಿಯ ಬಾಯಿಗೆ ನೆಟ್ಟ ಬೋರ್ಡು

ಸೆಪ್ಟೆಂಬರ್ 9, ಮಂಗಳವಾರ. ವಿಜಯಪುರ.

ತಪ್ಪು ನನ್ನದೇ. ಹೋದ ವರ್ಷ ಮೋರಿ ಉಕ್ಕಿದಾಗ ಖುರ್ಷಿದ್ ಅತ್ತೆ ಮೊಣಕಾಲುದ್ದ ನೀರಿನಲ್ಲಿ ರೇಷ್ಮೆಗೂಡಿನ ಬುಟ್ಟಿ ಹೊತ್ತು ನಿಂತಿದ್ದ ಫೋಟೊವನ್ನು ಪುರಸಭೆಯ ಇಂಜಿನಿಯರ್‌ಗೆ ಕೊಟ್ಟವಳು ನಾನು. ಅದನ್ನು ತೋರಿಸಿಯೇ ಸರ್ಕಾರದಿಂದ ಪ್ರವಾಹ ತಡೆಯುವ ಅನುದಾನ ತಂದ. ಇವತ್ತು ಬೀದಿಗೆ ಬಂದದ್ದು ಒಂದು ಜಾಗೃತಿ ಬೋರ್ಡು. ಅದರ ಮೇಲೆ ಅತ್ತೆಯ ಅದೇ ಫೋಟೊ. ಬೋರ್ಡಿನ ಕಂಬಕ್ಕೆ ಹಾಕಿದ ಕಾಂಕ್ರೀಟು ಸರಿಯಾಗಿ ಮೋರಿಯ ಬಾಯಿಗೆ!

“ನೀರು ಎಲ್ಲಿಗೆ ಹೋಗ್ಬೇಕು ಸಾರ್?” ಎಂದೆ.

“ಅನುದಾನ ಬಂದಿರೋದು ಬೋರ್ಡಿಗೆ ಕಣಮ್ಮ, ಮೋರಿಗಲ್ಲ” ಎಂದ ಇಂಜಿನಿಯರ್.

ಅವನ ಬಾಯಿಗೆ ಮಣ್ಣು ಹಾಕ!

ಈಗ ಮಳೆ ಹಿಡಿದಿದೆ. ನೀರು ಹೊಸ್ತಿಲ ಹತ್ತಿರ ಬಂದಿದೆ. ಬೋರ್ಡಿನ ಅತ್ತೆ ಹತ್ತಡಿ ಎತ್ತರದಲ್ಲಿದ್ದಾರೆ, ಮುಳುಗುವುದಿಲ್ಲ. ಮನೆಯ ಅತ್ತೆ ನೆಲದ ಮೇಲೆ ಮಲಗಿದ್ದಾರೆ, ಎಬ್ಬಿಸಬೇಕು.